ಕಾಲೇಜಿಗೆ ಲ್ಯಾಪ್‌ಟಾಪ್: ಮುಂದೆ ಬದಲಾಯಿಸಲಾಗದ ಭಾಗಕ್ಕೆ ಮೊದಲು ಹಣ ಹಾಕಿ

ಪ್ರಶ್ನೆ: ನಮ್ಮದು ಮೂಡಿಗೆರೆ ತಾಲ್ಲೂಕಿನ ಹಳ್ಳಿ, ಸಣ್ಣ ಕಾಫಿ ತೋಟವಿದೆ. ಮಗಳಿಗೆ ಹಾಸನದ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್ ವಿಭಾಗಕ್ಕೆ ಸೀಟು ಸಿಕ್ಕಿದೆ; ಹಾಸ್ಟೆಲ್‌ನಲ್ಲಿ ಇರುತ್ತಾಳೆ. ಲ್ಯಾಪ್‌ಟಾಪ್‌ಗೆಂದು 60,000 ರೂಪಾಯಿ ತೆಗೆದಿಟ್ಟಿದ್ದೇವೆ. ಅಂಗಡಿಯವರು ಐ7 ಪ್ರೊಸೆಸರ್ ಇರುವುದನ್ನೇ ತೆಗೆದುಕೊಳ್ಳಿ ಎನ್ನುತ್ತಾರೆ. ನನ್ನ ಅಣ್ಣನ ಮಗ ಗೇಮಿಂಗ್ ಲ್ಯಾಪ್‌ಟಾಪ್ ಎನ್ನುತ್ತಾನೆ. ಮಗಳಿಗೆ ಮ್ಯಾಕ್‌ಬುಕ್ ಮೇಲೆ ಆಸೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳೆಯದು ಅರ್ಧ ಬೆಲೆಗೆ ಸಿಗುತ್ತದೆ ಎನ್ನುವವರೂ ಇದ್ದಾರೆ. ಯಾರ ಮಾತು ಕೇಳಬೇಕು?

ಉತ್ತರ: ನಾಲ್ವರ ಮಾತಿನಲ್ಲೂ ಅಷ್ಟಿಷ್ಟು ಹುರುಳಿದೆ. ಆದರೆ ನಿಮ್ಮ ಮಗಳ ವಿಷಯದಲ್ಲಿ ಈ ನಾಲ್ಕರಲ್ಲಿ ಯಾವುದೂ ಸರಿಯಾದ ಆಯ್ಕೆಯಲ್ಲ. ಹಾಸನದಲ್ಲಿ ವಿದ್ಯಾರ್ಥಿಗಳ ಲ್ಯಾಪ್‌ಟಾಪ್‌ಗಳನ್ನು ಬಿಚ್ಚಿ ಸರಿಪಡಿಸುವುದೇ ನನ್ನ ವೃತ್ತಿಯಾದ್ದರಿಂದ, ಕೊಳ್ಳುವ ದಿನ ಜನ ಏನನ್ನು ನೋಡುತ್ತಾರೆ, ಮೂರನೆಯ ವರ್ಷಕ್ಕೆ ಏನು ಕೈಕೊಡುತ್ತದೆ ಎನ್ನುವುದರ ನಡುವಿನ ಅಂತರ ನನಗೆ ದಿನವೂ ಕಾಣುತ್ತದೆ. ಕೊಳ್ಳುವಾಗ ಎಲ್ಲರ ಕಣ್ಣೂ ಯಂತ್ರದ ಮಿದುಳಾದ ಪ್ರೊಸೆಸರ್‌ನ ಹೆಸರಿನ ಮೇಲಿರುತ್ತದೆ. ಪ್ರೊಸೆಸರ್ ಕೆಟ್ಟು ನನ್ನ ಮೇಜಿಗೆ ಬರುವ ಯಂತ್ರ ತೀರಾ ಅಪರೂಪ. ಬರುವುದೆಲ್ಲ ಮುಚ್ಚಳದ ಹಿಂಜ್ ಕಿತ್ತು ಬಂದದ್ದು, ಬ್ಯಾಟರಿ ಉಬ್ಬಿದ್ದು, ಕೀಬೋರ್ಡ್ ಮೇಲೆ ಕಾಫಿ ಚೆಲ್ಲಿಕೊಂಡದ್ದು, ರ‍್ಯಾಮ್ (ತೆರೆದ ಕೆಲಸಗಳನ್ನು ಯಂತ್ರ ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಮೆಮೊರಿ) ಸಾಲದೆ ತೆವಳುತ್ತಿರುವುದು. ಆದ್ದರಿಂದ ಆಮೇಲೆ ಸ್ಕ್ರೂಡ್ರೈವರ್ ಹಿಡಿದು ಬದಲಾಯಿಸಬಹುದಾದ ಭಾಗಗಳಿಗೆ ಈಗ ಹೆಚ್ಚು ಹಣ ಸುರಿಯಬೇಡಿ. ಒಮ್ಮೆ ಕೊಂಡ ಮೇಲೆ ಬದಲಾಯಿಸಲು ಬಾರದ ಭಾಗಗಳಲ್ಲಿ ಮಾತ್ರ ಚೌಕಾಸಿ ಮಾಡಬೇಡಿ. ಮುಂದೆ ಹೇಳುವುದೆಲ್ಲ ಇದರ ವಿವರಣೆ.

ಮೊದಲು ಮ್ಯಾಕ್‌ಬುಕ್ ವಿಚಾರ ಮುಗಿಸೋಣ, ಏಕೆಂದರೆ ಅದು ಮಗಳ ಆಸೆ, ಮತ್ತು ಆಸೆಗೆ ಕಾರಣವೂ ಇದೆ. ಆಪಲ್ ಸಂಸ್ಥೆ 2020ರ ನವೆಂಬರ್‌ನಲ್ಲಿ ತನ್ನದೇ ಎಂ1 ಚಿಪ್ ತಂದಾಗಿನಿಂದ ಅದರ ಏರ್ ಮಾದರಿ ಫ್ಯಾನ್ ಇಲ್ಲದೆ, ಸದ್ದಿಲ್ಲದೆ, ಒಮ್ಮೆ ಚಾರ್ಜ್ ಮಾಡಿದರೆ ಹೆಚ್ಚುಕಡಿಮೆ ಇಡೀ ದಿನ ನಡೆಯುತ್ತದೆ. ಮಗಳು ಬಿ.ಕಾಂ. ಅಥವಾ ಪತ್ರಿಕೋದ್ಯಮ ಓದುವವಳಾಗಿದ್ದು, ನಿಮ್ಮ ಹಣದ ಮಿತಿ ಇನ್ನಷ್ಟು ಸಡಿಲವಾಗಿದ್ದರೆ ನಾನೇ ಅದನ್ನು ಕೊಳ್ಳಿ ಎನ್ನುತ್ತಿದ್ದೆ. ಎಲೆಕ್ಟ್ರಾನಿಕ್ಸ್ ಓದಿಗೆ ಮಾತ್ರ ಅದು ಅಡ್ಡ ಬರುತ್ತದೆ. ಮೈಕ್ರೊಕಂಟ್ರೋಲರ್ ಪ್ರಯೋಗಾಲಯದಲ್ಲಿ ನಮ್ಮ ಕಡೆಯ ಕಾಲೇಜುಗಳು ಬಹುಕಾಲದಿಂದ ಬಳಸುತ್ತ ಬಂದಿರುವ ಕೈಲ್ ಮೈಕ್ರೊವಿಷನ್ ಎಂಬ ಸಾಫ್ಟ್‌ವೇರ್ ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ. ಸರ್ಕ್ಯೂಟ್‌ಗಳನ್ನು ಪರದೆಯಲ್ಲೇ ಜೋಡಿಸಿ ನೋಡುವ ಮಲ್ಟಿಸಿಮ್‌ನದೂ ಅದೇ ಕಥೆ. ವೆರಿಲಾಗ್ ಭಾಷೆಯಲ್ಲಿ ಸರ್ಕ್ಯೂಟ್ ಬರೆದು, ಬೇಕಾದಂತೆ ಮರುಹೊಂದಿಸಬಹುದಾದ ಚಿಪ್ ಇರುವ ಎಫ್‌ಪಿಜಿಎ ಬೋರ್ಡಿಗೆ ಇಳಿಸಲು ಬೇಕಾಗುವ ವಿವಾಡೋ ವಿಂಡೋಸ್ ಮತ್ತು ಲಿನಕ್ಸ್ ಎರಡರಲ್ಲಿ ಮಾತ್ರ ಲಭ್ಯ. ಮ್ಯಾಟ್‌ಲ್ಯಾಬ್ ಮತ್ತು ಆರ್ಡುಯಿನೊ ಮ್ಯಾಕ್‌ನಲ್ಲೂ ಚೆನ್ನಾಗಿ ನಡೆಯುತ್ತವೆ, ನಿಜ. ಆದರೆ ಪ್ರಾಯೋಗಿಕ ಪರೀಕ್ಷೆಯ ಹಿಂದಿನ ರಾತ್ರಿ ಹಾಸ್ಟೆಲ್ ಕೋಣೆಯಲ್ಲಿ ಅಭ್ಯಾಸ ಮಾಡಬೇಕಾದ ಸಾಫ್ಟ್‌ವೇರೇ ತೆರೆಯದಿದ್ದರೆ, ಉಳಿದೆಲ್ಲ ನಡೆದು ಏನು ಪ್ರಯೋಜನ?

ಇದೇ ಕಾರಣಕ್ಕೆ ಇನ್ನೊಂದು ಎಚ್ಚರಿಕೆ. 2024ರ ಜೂನ್‌ನಿಂದ ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್ ಚಿಪ್ ಇರುವ ವಿಂಡೋಸ್ ಲ್ಯಾಪ್‌ಟಾಪ್‌ಗಳು ಬರುತ್ತಿವೆ. ನೋಡಲು ತೆಳು, ಬ್ಯಾಟರಿ ಸೊಗಸು, ಹೆಸರಿಗೆ ವಿಂಡೋಸ್. ಆದರೆ ಅವುಗಳ ಚಿಪ್ ಮೊಬೈಲ್ ಫೋನ್‌ಗಳಲ್ಲಿರುವ ಆರ್ಮ್ ವಂಶದ್ದು. ಮಾಮೂಲಿ ಸಾಫ್ಟ್‌ವೇರ್‌ಗಳನ್ನು ಅವು ಒಳಗೊಳಗೇ ಅನುವಾದಿಸಿಕೊಂಡು ನಡೆಸುತ್ತವೆಯಾದರೂ, ಹಾರ್ಡ್‌ವೇರ್ ಡ್ರೈವರ್‌ಗಳಿಗೆ (ಜೋಡಿಸಿದ ಸಾಧನವನ್ನು ಯಂತ್ರದೊಡನೆ ಮಾತಾಡಿಸುವ ಸಣ್ಣ ಸಾಫ್ಟ್‌ವೇರ್‌ಗಳಿಗೆ) ಆ ಅನುವಾದ ಅನ್ವಯಿಸುವುದಿಲ್ಲ. ಡ್ರೈವರ್ ಆರ್ಮ್‌ಗೆಂದೇ ಬರೆದದ್ದಾಗಿರಬೇಕು. ಯುಎಸ್‌ಬಿ ಕೇಬಲ್‌ನಿಂದ ಹತ್ತಾರು ಬಗೆಯ ಬೋರ್ಡುಗಳನ್ನು ಜೋಡಿಸಬೇಕಾದ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗೆ ಈ ತಲೆನೋವು ಬೇಡ. ಇಂಟೆಲ್ ಅಥವಾ ಎಎಮ್‌ಡಿ ಪ್ರೊಸೆಸರ್ ಇರುವ, ಅಸಲಿ ವಿಂಡೋಸ್ 11 ಇರುವ ಯಂತ್ರವನ್ನೇ ಆರಿಸಿ.

ಗೇಮಿಂಗ್ ಲ್ಯಾಪ್‌ಟಾಪ್ ಎನ್ನುವ ಅಣ್ಣನ ಮಗನ ಸಲಹೆಯನ್ನು ನಯವಾಗಿ ಪಕ್ಕಕ್ಕಿಡಿ. ಅದರ ಬೆಲೆಯಲ್ಲಿ ದೊಡ್ಡ ಪಾಲು ಹೋಗುವುದು ಪ್ರತ್ಯೇಕ ಗ್ರಾಫಿಕ್ಸ್ ಚಿಪ್‌ಗೆ. ಎಲೆಕ್ಟ್ರಾನಿಕ್ಸ್ ಪಠ್ಯದಲ್ಲಿ ಆ ಚಿಪ್ಪಿಗೆ ಕೆಲಸವೇ ಇಲ್ಲ ಎನ್ನಬಹುದು. ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಮಷೀನ್ ಲರ್ನಿಂಗ್ ಬೇಕಾದರೆ ಗೂಗಲ್ ಕೊಲ್ಯಾಬ್‌ನಂಥ ಉಚಿತ ಸೇವೆಯಲ್ಲಿ ಕೆಲಸ ಸಾಗುತ್ತದೆ. ಅಂಥ ಯಂತ್ರದ ತೂಕ ಸಾಮಾನ್ಯವಾಗಿ ಎರಡು ಕಿಲೋ ದಾಟಿರುತ್ತದೆ, ಜೊತೆಗೆ ಇಟ್ಟಿಗೆಯಂಥ ಚಾರ್ಜರ್. ಬ್ಯಾಟರಿ ಬೇಗ ಖಾಲಿಯಾಗುತ್ತದೆ, ಗ್ರಂಥಾಲಯದಲ್ಲಿ ಫ್ಯಾನ್ ಸದ್ದಿಗೆ ಅಕ್ಕಪಕ್ಕದವರು ತಿರುಗಿ ನೋಡುತ್ತಾರೆ. ಮಗಳು ಮೆಕ್ಯಾನಿಕಲ್ ಅಥವಾ ಆರ್ಕಿಟೆಕ್ಚರ್ ಓದುವವಳಾಗಿ, ಭಾರೀ ತ್ರೀ-ಡಿ ವಿನ್ಯಾಸ ಮಾಡುವವಳಾಗಿದ್ದರೆ ನನ್ನ ಉತ್ತರ ಬೇರೆಯಾಗುತ್ತಿತ್ತು.

ಈಗ ಅಂಗಡಿಯವರ ಐ7. ಐ3, ಐ5, ಐ7 ಎನ್ನುವುದು ಒಂದೇ ತಲೆಮಾರಿನ ಒಳಗೆ, ಒಂದೇ ವರ್ಗದ ಒಳಗೆ ಮಾತ್ರ ಅರ್ಥವುಳ್ಳ ಮಾತು. ಪೂರ್ಣ ಮಾದರಿ ಸಂಖ್ಯೆ ನೋಡದೆ ಅದರಿಂದ ಏನನ್ನೂ ತಿಳಿಯಲಾಗದು. ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಇಂಟೆಲ್‌ನ ಐ5-1335ಯು ಮತ್ತು ಐ7-1355ಯು ಎರಡರಲ್ಲೂ ಕೆಲಸ ಮಾಡುವ ಘಟಕಗಳಾಗಿ ಇರುವುದು 10 ಕೋರ್‌ಗಳೇ: ಎರಡು ವೇಗದವು, ಎಂಟು ವಿದ್ಯುತ್ ಉಳಿಸುವವು. ಪ್ರೊಸೆಸರ್ ಒಳಗಿನ ಕ್ಯಾಶ್ ಮೆಮೊರಿಯೂ ಒಂದೇ, 12 ಎಂಬಿ. ಐ7ರ ಗರಿಷ್ಠ ವೇಗ 5 ಗಿಗಾಹರ್ಟ್ಸ್, ಐ5ರದು 4.6, ಒಳಗಿನ ಗ್ರಾಫಿಕ್ಸ್ ಐ7ರಲ್ಲಿ ತುಸು ದೊಡ್ಡದು. ಇಷ್ಟೇ ವ್ಯತ್ಯಾಸ. ತೆಳುವಾದ ಕವಚದೊಳಗೆ ಬಿಸಿಯಾದ ಮೇಲೆ ಎರಡೂ ವೇಗ ತಗ್ಗಿಸಿಕೊಳ್ಳುವುದರಿಂದ, ಇರುವ ಅಂತರವೂ ಕರಗುತ್ತದೆ. ಆ ಐ7 ಎಂಬ ಸ್ಟಿಕ್ಕರ್‌ಗೆ ಹೆಚ್ಚುವರಿ ಹಣ ತೆತ್ತು, ಅದೇ ಬೆಲೆಗೆ ಹೊಂದಿಸಲು 8 ಜಿಬಿ ರ‍್ಯಾಮ್ ಮತ್ತು ಮಂಕು ಪರದೆ ಇರುವ ಯಂತ್ರವನ್ನು ಮನೆಗೆ ತರುವವರು ಬಹಳ. 2024ರಿಂದ ಇಂಟೆಲ್ ತನ್ನ ಹೆಸರಿನಿಂದ 'ಐ' ಕೈಬಿಟ್ಟು ಕೋರ್ 5, ಕೋರ್ 7, ಕೋರ್ ಅಲ್ಟ್ರಾ ಎಂದು ಕರೆಯುತ್ತಿದೆ. ಅದರಲ್ಲಿ ಕೋರ್ 5 120ಯು ಎಂಬುದು ಹೊಸ ಹೆಸರಿನಲ್ಲಿ ಬಂದ, ಅದೇ ಹತ್ತು ಕೋರ್‌ಗಳ ಹಳೆಯ ವಿನ್ಯಾಸ. ಕೆಟ್ಟದ್ದೇನಲ್ಲ, ಆದರೆ 'ಹೊಚ್ಚ ಹೊಸದು' ಎಂಬ ಮಾತಿಗೆ ಹೆಚ್ಚು ಹಣ ಕೊಡಬೇಕಾಗಿಲ್ಲ.

ಎಎಮ್‌ಡಿಯಲ್ಲಿ ಗೊಂದಲ ಇನ್ನೂ ಹೆಚ್ಚು. ಅದರ 7000 ಸರಣಿಯ ರೈಝೆನ್‌ಗಳಲ್ಲಿ ಎಡದಿಂದ ಮೂರನೆಯ ಅಂಕಿಯನ್ನು ನೋಡಬೇಕು. ರೈಝೆನ್ 5 7520ಯು ಎಂಬುದರಲ್ಲಿ ಆ ಅಂಕಿ 2. ಅಂದರೆ 2019ರಲ್ಲಿ ಬಂದ ಝೆನ್ 2 ವಿನ್ಯಾಸ, ನಾಲ್ಕೇ ಕೋರ್. ರೈಝೆನ್ 5 7530ಯು ಎಂಬುದರಲ್ಲಿ ಅದು 3. ಅಂದರೆ ಮುಂದಿನ ತಲೆಮಾರಿನ ಝೆನ್ 3, ಆರು ಕೋರ್. ಅಂಗಡಿಯ ಚೀಟಿಯಲ್ಲಿ ಎರಡನ್ನೂ 'ರೈಝೆನ್ 5, 7000 ಸೀರೀಸ್' ಎಂದೇ ಬರೆದಿರುತ್ತಾರೆ. 7520ಯು ಕುರಿತು ಇನ್ನೊಂದು ಮಾತೂ ಇದೆ: ಅದರ ಜೊತೆ ಬರುವ ರ‍್ಯಾಮ್ ಯಾವಾಗಲೂ ಬೋರ್ಡಿಗೆ ಬೆಸುಗೆ ಹಾಕಿದ್ದೇ ಆಗಿರುತ್ತದೆ, ಮುಂದೆ ಹೆಚ್ಚಿಸಲು ದಾರಿಯೇ ಇಲ್ಲ. 8 ಜಿಬಿಯ ಅಂಥ ಯಂತ್ರ ಇಂಜಿನಿಯರಿಂಗ್ ವಿದ್ಯಾರ್ಥಿಗೆ ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡ.

ಇಲ್ಲಿಂದಲೇ ರ‍್ಯಾಮ್ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಾಲ್ಕು ವರ್ಷ ಓಡುವ ಯಂತ್ರಕ್ಕೂ ಎರಡೇ ವರ್ಷಕ್ಕೆ ಏದುಸಿರು ಬಿಡುವ ಯಂತ್ರಕ್ಕೂ ವ್ಯತ್ಯಾಸ ಇರುವುದು ಇಲ್ಲಿ. ವಿಂಡೋಸ್ 11 ಸುಮ್ಮನೆ ಕುಳಿತಾಗಲೂ ಮೂರು ನಾಲ್ಕು ಜಿಬಿ ಬಳಸಿಕೊಳ್ಳುತ್ತದೆ. ಅದರ ಮೇಲೆ ಬ್ರೌಸರ್‌ನಲ್ಲಿ ಹತ್ತು ಪುಟ, ಒಂದು ಪಾಠದ ವಿಡಿಯೋ, ಮ್ಯಾಟ್‌ಲ್ಯಾಬ್ ತೆರೆದರೆ 8 ಜಿಬಿ ಮುಗಿಯಿತು. ಉಳಿದದ್ದನ್ನು ಯಂತ್ರ ಡಿಸ್ಕ್‌ಗೆ ಬರೆದು ಓದುತ್ತ ಕೂರುತ್ತದೆ, ಮಗಳು ಕಾಯುತ್ತ ಕೂರುತ್ತಾಳೆ. ಆದ್ದರಿಂದ 16 ಜಿಬಿ ಇರಲಿ. 2025ರ ಕೊನೆಯ ತಿಂಗಳುಗಳಿಂದ ಮೆಮೊರಿ ಚಿಪ್‌ಗಳ ಬೆಲೆ ಜಗತ್ತಿನಾದ್ಯಂತ ಏರಿರುವುದರಿಂದ 16 ಜಿಬಿಯ ಯಂತ್ರ ನಿಮ್ಮ ಮಿತಿಯನ್ನು ಮೀರುತ್ತಿದ್ದರೆ, ಈಗ 8 ಜಿಬಿ ಇದ್ದು ಒಂದು ಸ್ಲಾಟ್ ಖಾಲಿ ಇರುವ ಯಂತ್ರ ಕೊಂಡು, ಮುಂದೆ ಇನ್ನೊಂದು 8 ಜಿಬಿ ಸೇರಿಸಬಹುದು. ಹಾಗೆ ಎರಡು ಕಡೆ ಸಮನಾಗಿ ರ‍್ಯಾಮ್ ಇದ್ದಾಗ ವೇಗವೂ ಹೆಚ್ಚುತ್ತದೆ, ಏಕೆಂದರೆ ಪ್ರತ್ಯೇಕ ಗ್ರಾಫಿಕ್ಸ್ ಇಲ್ಲದ ಯಂತ್ರ ಪರದೆಯ ಕೆಲಸಕ್ಕೂ ಇದೇ ರ‍್ಯಾಮ್ ಬಳಸುತ್ತದೆ. ಅಂಗಡಿಯವರನ್ನು 'ಎಷ್ಟು ರ‍್ಯಾಮ್ ಇದೆ' ಎಂದು ಕೇಳಿ ಸುಮ್ಮನಾಗಬೇಡಿ. 'ಬೋರ್ಡಿಗೆ ಬೆಸುಗೆ ಹಾಕಿದ್ದು ಎಷ್ಟು, ಖಾಲಿ ಸ್ಲಾಟ್ ಇದೆಯೇ, ಗರಿಷ್ಠ ಎಷ್ಟರವರೆಗೆ ಹಾಕಬಹುದು' ಎಂದು ಕೇಳಿ; ಉತ್ತರ ತಡವರಿಸಿದರೆ ಕಂಪನಿಯ ಜಾಲತಾಣದಲ್ಲಿ ಆ ಮಾದರಿಯ ವಿವರ ತೆಗೆಸಿ ನೋಡಿ. ಅಲ್ಲಿ ಸೋಲ್ಡರ್ಡ್ ಅಥವಾ ಆನ್‌ಬೋರ್ಡ್ ಎಂದಿದ್ದರೆ ಅಷ್ಟು ಭಾಗ ಶಾಶ್ವತ.

ಡಿಸ್ಕ್ ವಿಚಾರದಲ್ಲಿ ಇಷ್ಟು ತಲೆಕೆಡಿಸಿಕೊಳ್ಳಬೇಕಾಗಿಲ್ಲ. 512 ಜಿಬಿಯ, ವೇಗದ ಚಿಪ್ ಬಗೆಯ ಎನ್‌ವಿಎಮ್‌ಇ ಎಸ್‌ಎಸ್‌ಡಿ ಸಾಕು. ವಿವಾಡೋ ಒಂದೇ ಹತ್ತಾರು ಜಿಬಿ ನುಂಗುವುದರಿಂದ 256 ಜಿಬಿ ಸಾಲದು. ಮುಂದೆ ಸಾಲದಾದರೆ ಹೆಚ್ಚಿನ ಯಂತ್ರಗಳಲ್ಲಿ ಅರ್ಧ ಗಂಟೆಯ ಕೆಲಸದಲ್ಲಿ ದೊಡ್ಡದನ್ನು ಹಾಕಬಹುದು.

ಪರದೆಯನ್ನು ಮಾತ್ರ ಯಾರೂ ಆಮೇಲೆ ಬದಲಾಯಿಸುವುದಿಲ್ಲ. 60 ಸಾವಿರದ ಒಳಗಿನ ಯಂತ್ರಗಳಲ್ಲಿ ಕಂಪನಿಗಳು ಹಣ ಉಳಿಸುವುದು ಹೆಚ್ಚಾಗಿ ಇಲ್ಲೇ: 250 ನಿಟ್ಸ್ ಹೊಳಪು, ಎನ್‌ಟಿಎಸ್‌ಸಿ ಎಂಬ ಬಣ್ಣದ ಅಳತೆಯಲ್ಲಿ 45 ಶೇಕಡಾ ಮಾತ್ರ. ಕಿಟಕಿ ಪಕ್ಕ ಕುಳಿತು ಓದುವಾಗ 250 ನಿಟ್ಸ್ ಮಂಕೆನಿಸುತ್ತದೆ. 300 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಒಳ್ಳೆಯದು. ಅಂಗಡಿಯಲ್ಲಿ ಪೂರ್ತಿ ಕಪ್ಪಾದ ಒಂದು ಚಿತ್ರ ತೆರೆಸಿ, ಪರದೆಯನ್ನು ಕೆಳಗಿನಿಂದ, ಪಕ್ಕದಿಂದ ನೋಡಿ. ಕೋನ ಬದಲಾದೊಡನೆ ಚಿತ್ರ ಬೆಳ್ಳಗೆ ತಿರುಗಿದರೆ ಅದು ಹಳೆಯ ಟಿಎನ್ ಬಗೆಯ ಪರದೆ, ಬಿಟ್ಟು ಬನ್ನಿ. ಪಕ್ಕದಿಂದ ನೋಡಿದರೂ ಬಣ್ಣ ಹೆಚ್ಚು ಬದಲಾಗದ ಐಪಿಎಸ್ ಬಗೆಯದು ಇರಲಿ. 1920ಕ್ಕೆ 1200ರ ಅಳತೆಯ, ತುಸು ಎತ್ತರದ ಪರದೆ ಸಿಕ್ಕರೆ ಕೋಡ್ ಬರೆಯುವಾಗ ಒಂದೇ ನೋಟಕ್ಕೆ ಇನ್ನೂ ಕೆಲವು ಸಾಲುಗಳು ಕಾಣುತ್ತವೆ. 14 ಇಂಚೋ 15.6 ಇಂಚೋ ಎಂಬ ಪ್ರಶ್ನೆಗೆ, ಹಾಸ್ಟೆಲ್‌ನಿಂದ ತರಗತಿಗೆ ದಿನವೂ ಹೊತ್ತು, ರಜೆಗೆ ಬಸ್ಸಿನಲ್ಲಿ ಬೇಲೂರು ದಾಟಿ ಮೂಡಿಗೆರೆಗೆ ಬರುವವಳಿಗೆ 14 ಇಂಚೇ ಸರಿ ಎಂಬುದು ನನ್ನ ಅಭಿಪ್ರಾಯ, ಸುಮಾರು 1.4 ಕಿಲೋ ತೂಕದಲ್ಲಿ ಮುಗಿಯುತ್ತದೆ.

ಇನ್ನು ಹಿಂಜ್, ಅಂದರೆ ಮುಚ್ಚಳ ತಿರುಗುವ ಕೀಲು. ಜಾಹೀರಾತಿನಲ್ಲಿ ಇದರ ಸುದ್ದಿ ಇರುವುದಿಲ್ಲ. ಅಗ್ಗದ ಲ್ಯಾಪ್‌ಟಾಪ್‌ನಲ್ಲಿ ಕೀಲಿನ ಸ್ಕ್ರೂಗಳು ಕೂರುವುದು ಪ್ಲಾಸ್ಟಿಕ್‌ನಲ್ಲಿ ಹುದುಗಿಸಿದ ಪುಟ್ಟ ಹಿತ್ತಾಳೆಯ ನಟ್‌ಗಳ ಮೇಲೆ. ಮುಚ್ಚಳವನ್ನು ದಿನವೂ ಒಂದೇ ಮೂಲೆ ಹಿಡಿದು ಎತ್ತುತ್ತಿದ್ದರೆ ಬಲವೆಲ್ಲ ಒಂದೇ ಕಡೆ ಬಿದ್ದು, ಎರಡು ವರ್ಷದ ಹೊತ್ತಿಗೆ ಆ ನಟ್‌ಗಳು ಪ್ಲಾಸ್ಟಿಕ್ ಸಮೇತ ಕಿತ್ತು ಬರುತ್ತವೆ. ಮೊದಲು ಮೂಲೆಯಲ್ಲಿ 'ಟಿಕ್' ಎಂಬ ಸದ್ದು, ಆಮೇಲೆ ಅಂಚಿನಲ್ಲಿ ಸಣ್ಣ ಬಿರುಕು. ಮೂರನೆಯ ಹಂತದಲ್ಲಿ ಪರದೆಯ ಕೇಬಲ್ ತುಂಡಾಗುತ್ತದೆ. ವಾರಂಟಿಯವರು ಇದನ್ನು ಸಾಮಾನ್ಯವಾಗಿ ಬಳಸಿದವರ ತಪ್ಪು ಎಂದು ಬರೆದುಕೊಳ್ಳುತ್ತಾರೆ. ಅಂಗಡಿಯಲ್ಲಿ ಮುಚ್ಚಳವನ್ನು ನಿಧಾನವಾಗಿ ಒಂದು ಮೂಲೆಯಿಂದ ಎತ್ತಿ ನೋಡಿ: ಮುಚ್ಚಳ ತಿರುಚಿಕೊಂಡರೆ ಅಥವಾ ಕೆಳಭಾಗದ ಅಂಚು ಬಾಯಿಬಿಟ್ಟರೆ ಆ ಮಾದರಿ ಬೇಡ. ಕೀಬೋರ್ಡಿನ ನಡುಭಾಗವನ್ನು ಬೆರಳಿನಿಂದ ಒತ್ತಿ. ಹಲಗೆ ಕುಸಿದಂತೆ ಬಾಗಬಾರದು. ಮುಚ್ಚಳ ಲೋಹದ್ದಾಗಿದ್ದರೆ ಅದಕ್ಕಾಗಿ ಎರಡು ಮೂರು ಸಾವಿರ ಹೆಚ್ಚು ಕೊಡಲು ಹಿಂಜರಿಯಬೇಡಿ. ಈ ಪರೀಕ್ಷೆಯನ್ನು ಮಗಳೇ ಮಾಡಲಿ, ನಾಲ್ಕು ಸಾಲು ಟೈಪ್ ಮಾಡಿಯೂ ನೋಡಲಿ. ನೀವೊಬ್ಬರೇ ಹೋಗಿ ಡಬ್ಬಿ ಹೊತ್ತು ತರಬೇಡಿ.

ಬ್ಯಾಟರಿಯನ್ನು ಗಂಟೆಗಳಲ್ಲಿ ಅಳೆಯುವ ಜಾಹೀರಾತನ್ನು ನಂಬದೆ ಬ್ಯಾಟರಿ ಎಷ್ಟು ವಿದ್ಯುತ್ ಹಿಡಿಯುತ್ತದೆ ಎಂದು ಹೇಳುವ ವ್ಯಾಟ್-ಅವರ್ ಅಂಕಿ ನೋಡಿ. ಟೈಪಿಂಗ್, ಓದು, ಬ್ರೌಸಿಂಗ್‌ನಂಥ ಹಗುರ ಕೆಲಸಕ್ಕೆ ಯಂತ್ರ ಸುಮಾರು 8 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಂಡರೆ, 42 ವ್ಯಾಟ್-ಅವರ್ ಬ್ಯಾಟರಿ ಐದು ಗಂಟೆ, 56 ವ್ಯಾಟ್-ಅವರ್‌ನದು ಏಳು ಗಂಟೆ. ಐವತ್ತಕ್ಕಿಂತ ಹೆಚ್ಚಿರಲಿ. ಟೈಪ್-ಸಿ ರಂಧ್ರದಿಂದಲೇ ಚಾರ್ಜ್ ಆಗುವ ಯಂತ್ರವಾದರೆ ಚಾರ್ಜರ್ ಕಳೆದರೂ 65 ವ್ಯಾಟ್‌ನ ಬೇರೆ ಯಾವುದೇ ಒಳ್ಳೆಯ ಟೈಪ್-ಸಿ ಚಾರ್ಜರ್‌ನಿಂದ ಕೆಲಸ ನಡೆಯುತ್ತದೆ. ಹಾಸ್ಟೆಲ್‌ನಲ್ಲಿ ಸದಾ ಪ್ಲಗ್‌ನಲ್ಲೇ ಇರುವ ಯಂತ್ರಕ್ಕೆ 80 ಶೇಕಡಾದಲ್ಲಿ ಚಾರ್ಜ್ ನಿಲ್ಲಿಸುವ ಸೆಟ್ಟಿಂಗ್ ಹಾಕಿಸಿ. ಬಹುತೇಕ ಕಂಪನಿಗಳ ಯಂತ್ರಗಳಲ್ಲಿ ಅದು ಇರುತ್ತದೆ, ಬ್ಯಾಟರಿ ಉಬ್ಬುವುದೂ ಕಡಿಮೆಯಾಗುತ್ತದೆ. ಮನೆಗೆ ಬಂದಾಗಿನ ಕಥೆ ಬೇರೆ: ಹೂಮಳೆಯ ಕಾಲದಿಂದ ಮುಂಗಾರು ಹಿಡಿಯುವವರೆಗೆ ನಿಮ್ಮ ಕಡೆ ಗುಡುಗು ಸಿಡಿಲಿನ ಆರ್ಭಟ ನಿಮಗೇ ಗೊತ್ತು. ತೋಟದ ಮನೆಗೆ ಉದ್ದ ತಂತಿಯಲ್ಲಿ ಬರುವ ಕರೆಂಟಿನ ಮೂಲಕ ಸಿಡಿಲಿನ ಹೊಡೆತ ಚಾರ್ಜರ್‌ಗೂ, ಅಲ್ಲಿಂದ ಮದರ್‌ಬೋರ್ಡಿಗೂ ಹೋಗುತ್ತದೆ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು. ಇಂಟರ್ನೆಟ್ ಕೇಬಲ್ ಜೋಡಿಸಿದ್ದರೆ ಅದನ್ನೂ.

ಹಳೆಯ ಲ್ಯಾಪ್‌ಟಾಪ್ ಬಗ್ಗೆ ನನಗೆ ತಾತ್ಸಾರವಿಲ್ಲ. ನಿಮ್ಮ ಕೈಯಲ್ಲಿ 25 ಅಥವಾ 30 ಸಾವಿರ ಮಾತ್ರ ಇದ್ದಿದ್ದರೆ, ಹೊಸ ಕಳಪೆ ಯಂತ್ರಕ್ಕಿಂತ ಕಚೇರಿಗಳಿಂದ ಮರಳಿ ಬಂದ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್ ಮಾದರಿಗಳೇ ಲೇಸು ಎನ್ನುತ್ತಿದ್ದೆ. ಅವುಗಳ ಕೀಲು, ಕೀಬೋರ್ಡ್ ಎರಡೂ ಗಟ್ಟಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ವಿಂಡೋಸ್ 11ಕ್ಕೆ ಅಧಿಕೃತವಾಗಿ ಅರ್ಹವಾದ, ಅಂದರೆ ಇಂಟೆಲ್‌ನ ಎಂಟನೆಯ ತಲೆಮಾರು ಅಥವಾ ಅದರ ಮುಂದಿನದನ್ನೇ ನೋಡಬೇಕು. ಕೊಳ್ಳುವ ಮುನ್ನ ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆಸಿ, ಹೊಸದಿದ್ದಾಗಿನ ಸಾಮರ್ಥ್ಯ ಮತ್ತು ಈಗಿನ ಪೂರ್ಣ ಚಾರ್ಜ್ ಸಾಮರ್ಥ್ಯ ಎರಡನ್ನೂ ಹೋಲಿಸಿ. ಯಂತ್ರ ಆನ್ ಆದೊಡನೆ ಮೊದಲು ನಡೆಯುವ ಒಳ ಸಾಫ್ಟ್‌ವೇರ್ ಆದ ಬಯೋಸ್‌ಗೆ ಹಳೆಯ ಕಂಪನಿಯ ಪಾಸ್‌ವರ್ಡ್ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಆದರೆ 60 ಸಾವಿರ ಇರುವಾಗ, ವಾರಂಟಿಗಾಗಿ ಬೆಂಗಳೂರಿಗೆ ಓಡಾಡುವ ಗೋಜು ಬೇಡ.

ವಾರಂಟಿಯ ಮಾತು ಬಂದದ್ದರಿಂದ ಹೇಳುತ್ತೇನೆ: ಬ್ರ್ಯಾಂಡ್ ಯಾವುದು ಎಂಬುದಕ್ಕಿಂತ, ಆ ಬ್ರ್ಯಾಂಡ್‌ನ ಅಧಿಕೃತ ಸರ್ವೀಸ್ ಹಾಸನದಲ್ಲೇ ಸಿಗುತ್ತದೆಯೇ ಎಂಬುದು ಮುಖ್ಯ. ಕಂಪನಿಯ ಸಹಾಯವಾಣಿಗೆ ಕರೆ ಮಾಡಿ ಹಾಸ್ಟೆಲ್‌ನ ಪಿನ್‌ಕೋಡ್ ಕೊಟ್ಟು, ಇದ್ದಲ್ಲಿಗೇ ಬಂದು ಸರಿಪಡಿಸುವ ಆನ್‌ಸೈಟ್ ಸೇವೆ ಅಲ್ಲಿಗೆ ಇದೆಯೇ ಎಂದು ಕೇಳಿ. ಕ್ಯಾರಿ-ಇನ್ ವಾರಂಟಿ ಎಂದರೆ ಯಂತ್ರವನ್ನು ನೀವೇ ಹೊತ್ತುಕೊಂಡು ಹೋಗಬೇಕು. ಆಂತರಿಕ ಪರೀಕ್ಷೆಯ ವಾರದಲ್ಲಿ ಅದು ಸಣ್ಣ ತೊಂದರೆಯಲ್ಲ. ಯಂತ್ರಕ್ಕೆ 52ರಿಂದ 55 ಸಾವಿರಕ್ಕೆ ಮಿತಿ ಹಾಕಿ, ಉಳಿದದ್ದರಲ್ಲಿ ಆಕಸ್ಮಿಕ ಹಾನಿಯ ರಕ್ಷಣೆ ಕೊಳ್ಳುವುದು ನನ್ನ ಲೆಕ್ಕದಲ್ಲಿ ಐ7ಗಿಂತ ಎಷ್ಟೋ ಜಾಣತನ. ಬಿದ್ದದ್ದು, ಚೆಲ್ಲಿದ್ದು ಸಾಮಾನ್ಯ ವಾರಂಟಿಯಲ್ಲಿ ಬರುವುದಿಲ್ಲ; ಹಾಸ್ಟೆಲ್‌ನಲ್ಲಿ ಆಗುವುದೇ ಇವೆರಡು. ಈ ರಕ್ಷಣೆಯನ್ನು ಕೊಂಡ ಕೆಲವೇ ವಾರಗಳೊಳಗೆ ಪಡೆಯಬೇಕೆಂಬ ನಿಯಮ ಹಲವು ಕಂಪನಿಗಳಲ್ಲಿದೆ, ತಡಮಾಡಬೇಡಿ.

ಅಂಗಡಿಯಲ್ಲಿ ಜೊತೆಗೆ ತಗುಲಿಸುವ ಆಂಟಿವೈರಸ್ ಬೇಡ, ವಿಂಡೋಸ್‌ನಲ್ಲಿ ಇರುವುದೇ ಸಾಕು. ವಿಂಡೋಸ್ ಇಲ್ಲದ ಯಂತ್ರ ಅಗ್ಗವಾಗಿ ಕೊಟ್ಟು 'ನಾವೇ ಹಾಕಿಕೊಡುತ್ತೇವೆ' ಎಂದರೆ ಅದು ಹೆಚ್ಚಾಗಿ ನಕಲಿ ಪ್ರತಿ, ದೂರವಿರಿ. ಆಫೀಸ್ ಸಾಫ್ಟ್‌ವೇರ್‌ಗೂ ಹಣ ಕೊಡುವ ಮುನ್ನ ಕಾಲೇಜಿನ ಇ-ಮೇಲ್ ವಿಳಾಸ ಸಿಗುವವರೆಗೆ ಕಾಯಿರಿ, ಅದರ ಮೂಲಕ ಉಚಿತವಾಗಿ ಸಿಗುವ ಸಾಧ್ಯತೆ ಇದೆ. ಇಲ್ಲದಿದ್ದರೆ ಲಿಬ್ರೆಆಫೀಸ್ ಇದ್ದೇ ಇದೆ.

ಕೊಳ್ಳುವ ಆತುರವೂ ಬೇಡ. ಮೊದಲ ಸೆಮಿಸ್ಟರ್‌ನ ಆರಂಭದ ವಾರಗಳು ಗಣಿತ, ವಿಜ್ಞಾನದಲ್ಲೇ ಕಳೆಯುತ್ತವೆ, ಪ್ರೋಗ್ರಾಮಿಂಗ್‌ಗೆ ಕಾಲೇಜಿನ ಲ್ಯಾಬ್ ಇರುತ್ತದೆ. ಮಗಳು ಹೋಗಿ ಸೇರಲಿ, ತನ್ನ ವಿಭಾಗದ ಎರಡನೆಯ, ಮೂರನೆಯ ವರ್ಷದ ಅಕ್ಕಂದಿರನ್ನು ಯಾವ ಸಾಫ್ಟ್‌ವೇರ್ ಬೇಕಾಯಿತು, ಯಾವ ಯಂತ್ರ ತೊಂದರೆ ಕೊಟ್ಟಿತು ಎಂದು ವಿಚಾರಿಸಲಿ. ಆನ್‌ಲೈನ್ ಬೆಲೆ ನೋಡಿಟ್ಟುಕೊಂಡು ಹಾಸನದ ಅಂಗಡಿಯಲ್ಲಿ ಕೇಳಿ. ಒಂದೆರಡು ಸಾವಿರದ ವ್ಯತ್ಯಾಸಕ್ಕೆ ನಾನಾದರೆ ಅಂಗಡಿಯಲ್ಲೇ ಕೊಳ್ಳುತ್ತೇನೆ, ಮುಟ್ಟಿ ನೋಡಲು ಆಗುತ್ತದೆ.

ಬಿಲ್ಲು ಜಿಎಸ್‌ಟಿ ಸಮೇತ ಇರಲಿ, ಅದರಲ್ಲಿನ ಸೀರಿಯಲ್ ಸಂಖ್ಯೆ ಯಂತ್ರದ ಅಡಿಯಲ್ಲಿರುವುದಕ್ಕೆ ತಾಳೆಯಾಗಲಿ. ಆ ಸಂಖ್ಯೆಯನ್ನು ಅಂಗಡಿಯಲ್ಲೇ ಕಂಪನಿಯ ಜಾಲತಾಣದಲ್ಲಿ ಹಾಕಿ ವಾರಂಟಿ ಯಾವ ದಿನದಿಂದ ಶುರುವಾಗಿದೆ ನೋಡಿ. ಆರು ತಿಂಗಳ ಹಿಂದಿನ ದಿನಾಂಕ ತೋರಿಸಿದರೆ ಅದನ್ನು ಸರಿಪಡಿಸಿಕೊಡುವವರೆಗೆ ಹಣ ಕೊಡಬೇಡಿ. ಬಿಲ್ಲು ಮತ್ತು ಸೀರಿಯಲ್ ಸಂಖ್ಯೆಯ ಫೋಟೋ ನಿಮ್ಮ ಫೋನಿನಲ್ಲೂ ಇರಲಿ, ಹಾಸ್ಟೆಲ್‌ನಲ್ಲಿ ಯಂತ್ರ ಕಳುವಾದರೆ ಪೊಲೀಸ್ ದೂರಿಗೆ ಅದು ಬೇಕಾಗುತ್ತದೆ. ಮೊದಲ ವಾರದಲ್ಲೇ ಎಲ್ಲ ಯುಎಸ್‌ಬಿ ರಂಧ್ರ, ಕ್ಯಾಮೆರಾ, ಮೈಕ್, ಸ್ಪೀಕರ್, ವೈ-ಫೈ ಪರೀಕ್ಷಿಸಿ, ಪರದೆಯಲ್ಲಿ ಸತ್ತ ಚುಕ್ಕಿಗಳಿವೆಯೇ ನೋಡಿ. ಬದಲಿ ಯಂತ್ರ ಕೊಡುವ ಅವಧಿ ಕೆಲವೇ ದಿನಗಳದು, ಅದು ಮುಗಿದ ಮೇಲೆ ದುರಸ್ತಿ ಮಾತ್ರ. ಆದ್ದರಿಂದ ಅಷ್ಟು ದಿನ ಡಬ್ಬಿ ಮತ್ತು ಒಳಗಿನ ಥರ್ಮೋಕೋಲನ್ನು ಎಸೆಯಬೇಡಿ.